ನೊಗದ ಮೇಲೆ ಎರಡು ಬೆರಳು

ಬೇಲಿಯ ಈಚೆ
ಜೂನ್ ೨, ೨೦೨೪

ಅಣ್ಣ ವೀರಭದ್ರಸ್ವಾಮಿಗೆ ತಮ್ಮ ಶಿವಶಂಕರ ಮಾಡುವ ನಮಸ್ಕಾರ. ನಾವೆಲ್ಲ ಕ್ಷೇಮ. ನಿನ್ನ ಕ್ಷೇಮ ಕೇಳುವ ಅಗತ್ಯವಿಲ್ಲ. ಬೆಳಿಗ್ಗೆ ನೀನು ಹಲ್ಲುಜ್ಜಿ ಕ್ಯಾಕರಿಸಿದ್ದು ಬೇಲಿ ದಾಟಿ ನಮ್ಮ ಅಡುಗೆಮನೆಯವರೆಗೆ ಕೇಳಿಸಿತು. ಗಟ್ಟಿಯಾಗಿಯೇ ಇದ್ದೀಯ.

ನನ್ನ ಪಾಲಿನ ಎತ್ತು ಮೇಷ್ಟ್ರ ಕೊರಳಲ್ಲಿ ಕಾಗದ ನೋಡಿ ಗಾಬರಿಯಾಗಬೇಡ. ಅವನು ಬರೆದದ್ದಲ್ಲ. ನಾನೇ ಬರೆದು, ಹಾಲಿನ ಕವರಿನಲ್ಲಿ ಸುತ್ತಿ, ಗಂಟೆಯ ಪಟ್ಟಿಗೆ ಕಟ್ಟಿ ಬಿಟ್ಟಿದ್ದೇನೆ. ಹೇಗೂ ದಿನಾ ಈ ಹೊತ್ತಿಗೆ ಯಶೋದತ್ತಿಗೆ ಬೇಯಿಸುವ ಹುರುಳಿಯ ವಾಸನೆ ಹಿಡಿದು, ಬೇಲಿಯ ಸಂದಿಯಲ್ಲಿ ನುಗ್ಗಿ ನಿಮ್ಮ ಕಡೆ ಬರುತ್ತಾನೆ. ಮನೆ ಪಾಲಾಗಿರುವ ವಿಷಯ ಅವನಿಗೆ ಯಾರೂ ಹೇಳಿಲ್ಲ.

ಸಂಗತಿ ಏನೆಂದರೆ, ನನ್ನ ಹೊಗೆಸೊಪ್ಪಿನ ಸಾಲಿನಲ್ಲಿ ಕಳೆ ಎದ್ದಿದೆ. ನಿನ್ನ ಹೊಲದಲ್ಲೂ ಎದ್ದಿದೆ, ನೋಡಿದೆ. ನನ್ನದಕ್ಕಿಂತ ಚೆನ್ನಾಗಿಯೇ ಬೆಳೆದಿದೆ. ಸಾಲಿನ ನಡುವೆ ಟ್ರ್ಯಾಕ್ಟರ್ ಇಳಿಸಿದರೆ ಕಳೆಯ ಜೊತೆ ಸಸಿಯೂ ಸ್ವರ್ಗಕ್ಕೆ. ಕುಂಟೆಯೇ ಹೊಡೆಯಬೇಕು. ಕುಂಟೆಗೆ ಜೋಡೆತ್ತು ಬೇಕು. ನನ್ನ ಕೊಟ್ಟಿಗೆಯಲ್ಲಿ ಒಂದು ಎತ್ತು, ನಿನ್ನ ಕೊಟ್ಟಿಗೆಯಲ್ಲಿ ಇನ್ನೊಂದು. ಪಾಲಿನ ದಿನ ಇಬ್ಬರೂ ಅಪ್ಪನ ಜೋಡಿ ನನಗೇ ಬೇಕು, ನನಗೇ ಬೇಕು ಎಂದು ಕಿರುಚಾಡಿದೆವು. ಪಂಚಾಯ್ತಿಗೆ ಕೂತಿದ್ದ ಚಲುವಯ್ಯ ಎಲೆಯಡಿಕೆ ಉಗಿದು, “ಅಂಗಾರೆ ಒಬ್ಬೊಬ್ರು ಒಂದೊಂದ್ ಹೊಡ್ಕೊಂಡೋಗಿ, ತಲೆನೋವ್ ಬ್ಯಾಡ” ಎಂದ. ನಮ್ಮೂರಿನ ಪಂಚಾಯ್ತಿ ಎಂದರೆ ಇದೇ ನೋಡು, ಚಪ್ಪಲಿ ಜಗಳಕ್ಕೆ ಒಬ್ಬನಿಗೆ ಎಡಗಾಲಿನದು, ಒಬ್ಬನಿಗೆ ಬಲಗಾಲಿನದು.

ಆಗ ನೀನು ಎದ್ದು ನಿಂತು “ಇನ್ನು ಇವನ್ ಜೊತೆ ಮಾತಾಡಿದ್ರೆ ಸತ್ತ ಅಪ್ಪನ ಮೇಲಾಣೆ” ಎಂದೆ. ನಾನೂ ಅದನ್ನೇ ಅಂದೆ. ಬೇರೆ ಏನೂ ತೋಚಲಿಲ್ಲ. ಈಗ ಕೂತು ಯೋಚಿಸಿದರೆ, ಆಣೆ ಇಟ್ಟದ್ದು ಮಾತಿಗೆ. ಬರೆಯಬಾರದು ಎಂದು ಯಾರೂ ಅನ್ನಲಿಲ್ಲ. ಫೋನು ಮಾಡಿದರೆ ಅದು ಮಾತಾಗುತ್ತದೆ. ವಾಟ್ಸಾಪ್ ಆಗುವುದಿಲ್ಲ, ನಿನ್ನದು ಗುಂಡಿ ಫೋನು. ಹೆಂಗಸರ ಕೈಲಿ ಹೇಳಿ ಕಳಿಸಿದರೆ ನಮ್ಮ ಮಾತಿಗೆ ಅವರ ಮಾತು ಸೇರಿ ನಲ್ಲಿಯ ಹತ್ತಿರ ಇನ್ನೊಂದು ಪಾಲಾಗುತ್ತದೆ. ಎತ್ತೇ ವಾಸಿ.

ಒಂದು ದಿನ ಜೋಡಿ ನಿನ್ನ ಹೊಲಕ್ಕೆ, ಒಂದು ದಿನ ನನ್ನ ಹೊಲಕ್ಕೆ. ಒಪ್ಪಿಗೆಯಾದರೆ ನಿನ್ನ ಎತ್ತು ಅಮಲ್ದಾರನ ಕೊರಳಿಗೆ ಉತ್ತರ ಕಟ್ಟಿ ಬಿಚ್ಚಿಬಿಡು. ತಾನೇ ಬರುತ್ತಾನೆ. ಹಳೇ ಕೊಟ್ಟಿಗೆ ನನ್ನ ಪಾಲಿಗೆ ಬಂದದ್ದು ಅವನಿಗೂ ಗೊತ್ತಿಲ್ಲ.

ಮಾತು ಬಿಟ್ಟ ತಮ್ಮ,
ಶಿವಶಂಕರ


ಬೇಲಿಯ ಆಚೆ
ಜೂನ್ ೪, ೨೦೨೪

ಇಂದ: ವೀರಭದ್ರಸ್ವಾಮಿ, ಹಾಲಿನ ಸಂಘದ ಮಾಜಿ ಕಾರ್ಯದರ್ಶಿ.
ಗೆ: ಚಿ. ಶಿವಶಂಕರ, ಸದರಿಯವರ ತಮ್ಮ.
ವಿಷಯ: ಅರ್ಧರ್ಧ ಜೋಡಿಯನ್ನು ಪೂರ್ತಿ ಜೋಡಿ ಮಾಡಿಕೊಳ್ಳುವ ಬಗ್ಗೆ.
ಉಲ್ಲೇಖ: ಮೇಷ್ಟ್ರ ಕೊರಳಿನ ಕಾಗದ.

ಆಶೀರ್ವಾದ. ನಿನ್ನ ಕಾಗದ ತಲುಪಿತು. ಒಂದು ಮೂಲೆಗೆ ಜೊಲ್ಲು ಬಿದ್ದು ಎರಡು ಸಾಲು ಅಳಿಸಿವೆ. ಅವು ನನ್ನನ್ನು ಬೈದ ಸಾಲುಗಳಾಗಿದ್ದರೆ ಟಪಾಲಿನವನಿಗೆ ನನ್ನ ವಂದನೆ.

ಬರೆದದ್ದು ಮಾತಲ್ಲ ಎಂಬ ನಿನ್ನ ವಾದವನ್ನು ಪರಿಶೀಲಿಸಿ ಅಂಗೀಕರಿಸಿದ್ದೇನೆ. ಸಂಘದಲ್ಲಿ ನಾನು ಆಡಿದ್ದನ್ನೆಲ್ಲ ಬರೆದಿದ್ದರೆ ನನ್ನನ್ನು ತೆಗೆದುಹಾಕುತ್ತಿದ್ದರು. ಬರೆದದ್ದನ್ನೆಲ್ಲ ಓದಿ ಹೇಳಿದ್ದರೆ ಸದಸ್ಯರೆಲ್ಲ ನಿದ್ದೆ ಹೋಗುತ್ತಿದ್ದರು. ಎರಡೂ ಬೇರೆ ಬೇರೆ. ಸಂಘದ ಅಭ್ಯಾಸದಂತೆ ಈ ಕಾಗದಕ್ಕೂ ಕಚೇರಿ ಪ್ರತಿ ಇಟ್ಟುಕೊಂಡಿದ್ದೇನೆ, ಆಮೇಲೆ ನಾನು ಹಾಗೆ ಬರೆದಿರಲಿಲ್ಲ ಎನ್ನಲು ನನಗೇ ಅವಕಾಶವಿರಬಾರದು.

ಷರತ್ತುಗಳು ಹೀಗಿವೆ. ಸೋಮವಾರ ಬಸವನ ದಿನ, ನೊಗ ಕಟ್ಟುವ ಹಾಗಿಲ್ಲ. ಅಮಲ್ದಾರ ಎಡಗಡೆಗೆ ಪಳಗಿದವನು, ಬಲಕ್ಕೆ ಕಟ್ಟಿದರೆ ಎದುರಿಗೆ ಬಂದವರನ್ನು ಕೊಂಬಿನಲ್ಲಿ ವಿಚಾರಣೆ ಮಾಡುತ್ತಾನೆ. ಅಪ್ಪ ಅವನಿಗೆ ಆ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಮೇಷ್ಟ್ರು ಪ್ರತಿ ಸಾಲಿನ ಕೊನೆಯಲ್ಲಿ ನಿಂತು, ಮಕ್ಕಳ ಕಾಪಿ ತಿದ್ದುವವನಂತೆ ಹಿಂದಿರುಗಿ ನೋಡುತ್ತಾನೆ. ನೋಡಲಿ. ಅದಕ್ಕೆ ಹೊಡೆಯಕೂಡದು. ಅಪ್ಪನ ನೊಗ ನನ್ನ ಪಾಲಿನದು, ಅದನ್ನು ಕೊಡುವುದಿಲ್ಲ. ನಿನಗೆ ಕೊಟ್ಟಿಗೆ ಬಂತಲ್ಲ. ನೀನು ನಿನ್ನ ನೊಗ ಮಾಡಿಸಿಕೊ.

ಕೊನೆಯದು ಮುಖ್ಯ. ಜೋಡಿ ಯಾರ ಹೊಲದಲ್ಲಿದ್ದರೂ ಎರಡನ್ನೂ ಸಮನಾಗಿ ನೋಡತಕ್ಕದ್ದು.

ಮಾತು ಬಿಟ್ಟ ಅಣ್ಣ,
ವೀರಭದ್ರಸ್ವಾಮಿ


ಜೂನ್ ೧೨

ಅಣ್ಣ,

ಒಂದು ತಪ್ಪಾಗಿದೆ. ಕೊನೆಯ ಷರತ್ತಿನದೇ.

ನನ್ನ ಸರದಿಯ ದಿನ ಅಮಲ್ದಾರ ಇಲ್ಲೇ ಮೇಯುತ್ತಾನಲ್ಲ, ಮಧ್ಯಾಹ್ನ ಹಿಂಡಿ ಕಲಸುವಾಗ ಮೇಷ್ಟ್ರ ಬಕೆಟಿಗೆ ಎರಡು ಬೊಗಸೆ, ಅವನ ಬಕೆಟಿಗೆ ಒಂದು ಬೊಗಸೆ ಹಾಕುತ್ತಿದ್ದೆ. ಬೇಕೆಂದು ಮಾಡಿದ್ದಲ್ಲ. ಸುಳ್ಳು ಯಾಕೆ, ಬೇಕೆಂದೇ ಮಾಡಿದ್ದು. ನಿನ್ನೆ ಪ್ರಮೀಳಾ ನೋಡಿಬಿಟ್ಟಳು.

“ಏನ್ರೀ ಇದು, ಅದ್ಕೊಂದು ಇದ್ಕೊಂದು?”

“ಅದು ನೆಂಟ್ರು ಎತ್ತು ಕಣೆ.”

“ನೆಂಟ್ರುಗೆ ಜಾಸ್ತಿ ಬಡುಸ್ತಾರೆ ಕಣ್ರೀ. ಕಮ್ಮಿ ಬಡ್ಸೋದ ನಿಮ್ಮನೇಲೇ ಕಂಡಿದ್ದು.”

ಅಮಲ್ದಾರ ಖಾಲಿ ಬಕೆಟಿನೊಳಗೆ ಮುಖ ಹಾಕಿಕೊಂಡೇ ನನ್ನನ್ನು ನೋಡಿದ. ಬಕೆಟಿನ ಒಳಗಿನಿಂದ ಹೇಗೆ ನೋಡಿದ ಎಂದು ಕೇಳಬೇಡ. ನೋಡಿದ. ರಾಗಿಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಅವನು ಕರುವಾಗಿದ್ದಾಗ ಅವನಿಗೆ ಜಂತುಹುಳುವಿನ ಔಷಧಿ ಕುಡಿಸುವುದಕ್ಕೆ ಗೊಟ್ಟ ಹಿಡಿಯುತ್ತಿದ್ದವನು ನಾನು, ಕತ್ತು ಎತ್ತಿ ಹಿಡಿಯುತ್ತಿದ್ದವನು ನೀನು. ಇವತ್ತಿನಿಂದ ಇಬ್ಬರಿಗೂ ಎರಡೆರಡು ಬೊಗಸೆ. ಹಳೇ ಬಾಕಿಗೆ ಅವನಿಗೆ ಒಂದು ಮೂಟೆ ಹಸಿ ಜೋಳದ ಕಡ್ಡಿ ಬೇರೆ ಹಾಕಿದ್ದೇನೆ.

ನಾನು ಹೇಳದಿದ್ದರೆ ನಿನಗೆ ಗೊತ್ತಾಗುತ್ತಿರಲಿಲ್ಲ. ಆದರೂ ಹೇಳಿದೆ. ಬೈಯುವುದಿದ್ದರೆ ಬೈ.

ಶಿವಶಂಕರ


ಜೂನ್ ೧೩, ಬೆಳಿಗ್ಗೆ

ವಿಷಯ: ಹಿಂಡಿಯ ದುರುಪಯೋಗ.

ಚಿ. ಶಿವಶಂಕರನಿಗೆ,

ನಿನ್ನ ತಪ್ಪೊಪ್ಪಿಗೆಯನ್ನು ಸ್ವೀಕರಿಸಲಾಗಿದೆ. ಅಣ್ಣನಾಗಿ ನಾಲ್ಕು ಮಾತು ಬರೆಯುವುದು ನನ್ನ ಕರ್ತವ್ಯ, ಬರೆಯುತ್ತೇನೆ, ನಿಂತುಕೊಂಡು ಓದು.

ಮನುಷ್ಯನಿಗೆ ಮೋಸ ಮಾಡಿದರೆ ಅವನು ಕೋರ್ಟಿಗೆ ಹೋದಾನು. ಅಷ್ಟು ಕೈಲಾಗದಿದ್ದರೆ ಟೀ ಅಂಗಡಿಯಲ್ಲಿ ಕೂತು ಮಾನವನ್ನಾದರೂ ಕಳೆದಾನು. ಬಾಯಿಲ್ಲದ ಜೀವ ಏನು ಮಾಡೀತು? ನಿನ್ನೆ ಮೋಸ ಮಾಡಿದವನಿಗೇ ಇವತ್ತು ಬಂದು ಕತ್ತು ಕೊಡುತ್ತದೆ. ಅದಕ್ಕೇ ಹಿರಿಯರು ಎತ್ತಿಗೆ ಮಾಡಿದ ಅನ್ಯಾಯಕ್ಕೆ ಲೆಕ್ಕ ಕೇಳುವವನು ಬೇರೆ ಇದ್ದಾನೆ ಎಂದಿದ್ದಾರೆ. ಯಾವ ಹಿರಿಯರು ಎಂದು ಕೇಳಬೇಡ, ಅಂದಿರುತ್ತಾರೆ. ನನ್ನ ಎತ್ತು ನಿನ್ನ ಎತ್ತು ಎಂಬ ಭೇದ ಮನುಷ್ಯರ ಬುದ್ಧಿಯಲ್ಲಿ ಇರಬಹುದು, ಕೈಯಲ್ಲಿ ಇರಬಾರದು. ಅಪ್ಪ ಇದ್ದಿದ್ದರೆ ನಿನ್ನನ್ನು ಆ ಬಕೆಟಿನಲ್ಲೇ ಕೂರಿಸುತ್ತಿದ್ದರು.

ಇದು ಮೊದಲ ಸಲವಾದ್ದರಿಂದ ಕ್ಷಮಿಸಿದ್ದೇನೆ. ಇನ್ನು ಮುಂದೆ ಹೀಗಾಗದಂತೆ ಎಚ್ಚರ ವಹಿಸತಕ್ಕದ್ದು.

ಅಣ್ಣ,
ವೀರಭದ್ರಸ್ವಾಮಿ


ಜೂನ್ ೧೩, ಮಧ್ಯಾಹ್ನ
(ಎತ್ತಿಗೆ ಕಟ್ಟದೆ ಪಟಾಪಟಿ ಚಡ್ಡಿಯ ಜೇಬಿನಲ್ಲಿ ಇಟ್ಟುಕೊಂಡದ್ದು)

ಶಿವ,

ಬೆಳಿಗ್ಗೆ ನಿನಗೆ ಉಪದೇಶ ಬರೆದು ಕಟ್ಟಿ ಕಳಿಸಿದೆ. ಅಮಲ್ದಾರ ಬೇಲಿಯ ಸಂದಿಗೆ ಹೋಗುವಷ್ಟರಲ್ಲಿ, ಹಿಂದೆ ಓಡಿ ಕಿತ್ತುಕೊಳ್ಳಬೇಕು ಎನ್ನಿಸಿತು. “ಹೋ ಹೋ” ಎಂದು ಕೂಗಿದೆ. ಜೀವನದಲ್ಲಿ ಒಂದು ಸಲವಾದರೂ ಅವನು ನನ್ನ ಮಾತು ಕೇಳಿದ್ದರೆ ಅವನ ಹೆಸರು ಅಮಲ್ದಾರ ಯಾಕಾಗುತ್ತಿತ್ತು.

ಕುಂಟೆಯ ಮರವನ್ನು ನೊಗದ ನಟ್ಟನಡುವೆ ಕಟ್ಟಿದರೆ ಎರಡೂ ಎತ್ತಿಗೆ ಭಾರ ಸಮ. ಹಗ್ಗ ಯಾವ ಎತ್ತಿನ ಕಡೆಗೆ ಸರಿಯುತ್ತದೋ ಆ ಎತ್ತಿನ ಹೆಗಲಿಗೆ ಭಾರ. ಇದು ನಿನಗೂ ಗೊತ್ತು, ನನಗೂ ಗೊತ್ತು. ಗೊತ್ತಿಲ್ಲದೆ ಮಾಡಿದೆ ಎಂದು ಆಮೇಲೆ ಹೇಳಿಕೊಳ್ಳಬಾರದೆಂದೇ ಬರೆಯುತ್ತಿದ್ದೇನೆ. ಮೊದಲ ದಿನವೇ ನಾನು ಹಗ್ಗವನ್ನು ಎರಡು ಬೆರಳು ಮೇಷ್ಟ್ರ ಕಡೆಗೆ ಸರಿಸಿ ಕಟ್ಟಿದೆ.

ಅಮಲ್ದಾರ ಏದುತ್ತಿದ್ದ. ಮೇಷ್ಟ್ರೂ ಏದುತ್ತಿದ್ದನೋ ಏನೋ. ಆದರೆ ಪಾಲಾದಾಗಿನಿಂದ ನನಗೆ ಅಮಲ್ದಾರನ ಉಸಿರು ಮಾತ್ರ ಜೋರಾಗಿ ಕೇಳಿಸುತ್ತದೆ. ಅದೆಂಥ ಕಿವಿಯೋ. ಮೊದಲು ಎರಡೂ ಒಂದೇ ಸದ್ದಾಗಿತ್ತು.

ಎರಡನೇ ಸರದಿಯಲ್ಲಿ ನಡುವೆಯೇ ಕಟ್ಟಿದೆ. ಅರ್ಧ ಹೊಲ ಮುಗಿಯುವುದರೊಳಗೆ ಕೈ ತಾನೇ ಸರಿಸಿತು. ಕೈಯ ಮೇಲೆ ಹಾಕುವುದು ಸುಲಭ. ಮೇಷ್ಟ್ರು ಎಂದಿನಂತೆ ಸಾಲಿನ ಕೊನೆಯಲ್ಲಿ ನಿಂತು ಹಿಂದಿರುಗಿ ನೋಡಿದ. ಅಷ್ಟು ದಿನ ಸಾಲು ನೋಡುತ್ತಾನೆ ಎಂದುಕೊಂಡಿದ್ದೆ. ಈಗ ನನ್ನನ್ನು ನೋಡಿದ ಹಾಗಾಯಿತು. ಹೊಡೆಯಕೂಡದು ಎಂದು ಷರತ್ತು ಹಾಕಿದವನು ನಾನೇ. ಹೊಡೆದುಬಿಟ್ಟೆ.

ಯಶೋದೆ ಊಟಕ್ಕೆ ಕರೆಯುತ್ತಿದ್ದಾಳೆ. ಉಳಿದದ್ದನ್ನು ನಾಳೆ ಬರೆದು


ಜೂನ್ ೨೪

ವಿಷಯ: ಎತ್ತು ವಾಪಸಾತಿ.
ಲಗತ್ತು: ಎತ್ತು ಒಂದು, ಅದರ ಬಾಯಲ್ಲಿ ಬೆಲ್ಲದ ಅಚ್ಚು ಒಂದು.

ಚಿ. ಶಿವಶಂಕರನಿಗೆ,

ಮೇಷ್ಟ್ರಿಗೆ ಇವತ್ತು ಬಿಸಿನೀರು ಹುಯ್ದು ಮೈ ತಿಕ್ಕಿಸಿದ್ದೇನೆ. ಹೆಗಲಿಗೆ ಹರಳೆಣ್ಣೆ ಸವರಿದೆ. ಕೊಂಬಿಗೆ ಅರಿಶಿನ ಯಶೋದೆಯದು. ಹುರುಳಿ ಅವನಿಗೆ ಹೊಟ್ಟೆ ತುಂಬ, ಅಮಲ್ದಾರನಿಗೆ ಅರ್ಧ ಹೊಟ್ಟೆ. ಈ ವ್ಯತ್ಯಾಸಕ್ಕೆ ವಿಶೇಷ ಕಾರಣವೇನೂ ಇಲ್ಲ.

ನೀನೂ ಅವನ ಹೆಗಲನ್ನು ಆಗಾಗ ಮುಟ್ಟಿ ನೋಡುತ್ತಿರು. ಸುಮ್ಮನೆ ಹೇಳಿದೆ. ಮಳೆಗಾಲ.

ಅಣ್ಣ,
ವೀರಭದ್ರಸ್ವಾಮಿ


ಜೂನ್ ೨೬

ಅಣ್ಣ,

ಮೇಷ್ಟ್ರು ಮದುವೆ ಗಂಡಿನ ಹಾಗೆ ಬೇಲಿ ದಾಟಿ ಬಂದ. ಮೈಯೆಲ್ಲ ಮಿಂಚು, ಕೊಂಬೆಲ್ಲ ಅರಿಶಿನ, ಬಾಯಲ್ಲಿ ಬೆಲ್ಲ. ಬಾಸಿಂಗ ಒಂದು ಕಡಿಮೆ. ಪ್ರಮೀಳಾ ನೋಡಿ, “ನಿಮ್ಮಣ್ಣಂಗೆ ಏನೋ ಆಗೈತೆ ಕಣ್ರೀ. ಉಸಾರಾಗವ್ರಾ ಅಂತ ಒಸಿ ವಿಚಾರ್ಸಿ” ಎಂದಳು. “ಎಂಗೆ ವಿಚಾರ್ಸನೆ, ಆಣೆ ಐತಲ್ಲ” ಎಂದೆ. “ನಿಮ್ಮ ಆಣೆಗಿಷ್ಟು ಬೆಂಕಿ ಆಕ” ಎಂದಳು. ಈ ಮಾತು ನಾನು ಆಡಿದ್ದಲ್ಲ, ವರದಿ ಮಾತ್ರ.

ಎಣ್ಣೆ ಒರೆಸುವಾಗ ಕೈಗೆ ಒಂದು ಗಂಟು ಸಿಕ್ಕಿತು. ಹೆಗಲ ಮೇಲೆ, ನೊಗ ಕೂರುವ ಜಾಗದಲ್ಲೇ, ನಿಂಬೆಹಣ್ಣಿನಷ್ಟು. ಮುಟ್ಟಿದರೆ ಚರ್ಮ ನಡುಗಿಸುತ್ತಾನೆ.

ನನ್ನದೇ ತಪ್ಪು ಕಣಣ್ಣ. ನಿನ್ನ ಹತ್ತಿರ ಅಪ್ಪನ ನೊಗ ಇದೆ, ಸವೆದು ಸವೆದು ನುಣುಪಾಗಿರುವುದು. ನಾನು ಆತುರಕ್ಕೆ ಹೊಸ ನೊಗ ಮಾಡಿಸಿ, ಸರಿಯಾಗಿ ಉಜ್ಜಿಸದೆ ಅವನ ಕತ್ತಿನ ಮೇಲೆ ಹಾಕಿದೆ. ನಿನ್ನ ಹೊಲದಲ್ಲಿ ಸುಖವಾಗಿದ್ದು ಬಂದ ಎತ್ತಿಗೆ ನನ್ನ ಹೊಲದಲ್ಲಿ ಹೀಗಾಯಿತು. ನೀನು ಅವನನ್ನು ಅಷ್ಟು ಚೆನ್ನಾಗಿ ನೋಡಿಕೊಳ್ಳುವುದು ಕಂಡು ನನಗೆ ಇನ್ನೂ ನಾಚಿಕೆ.

ಹಿಂಡಿಯ ವಿಷಯಕ್ಕೆ ನೀನು ಬೈದದ್ದು ಕಡಿಮೆಯೇ ಆಯಿತು. ಈ ಸಲ ಪೂರ್ತಿ ಬೈದು ಬರೆ. ಓದಿದರೆ ಸ್ವಲ್ಪ ಹಗುರಾಗುತ್ತದೆ.

ಶಿವಶಂಕರ


ಜೂನ್ ೨೭

ವಿಷಯ: ಬೈಯುವ ಬಗ್ಗೆ.

ಬೈಯಲಾಗಿಲ್ಲ.

ಗಂಟು ಹೊಸ ನೊಗದಿಂದ ಆದದ್ದಲ್ಲ. ಅಂದರೆ, ಆಗಿರಲಾರದು ಎಂದು ನನ್ನ ಅಭಿಪ್ರಾಯ. ಅಭಿಪ್ರಾಯಕ್ಕೆ ಆಧಾರ ಕೇಳಬೇಡ. ನನ್ನ ಹೊಲಕ್ಕೆ ಇನ್ನು ಮೇಷ್ಟ್ರು ಬೇಡ. ನಿನ್ನ ಹೊಲಕ್ಕೂ ಬೇಡ. ಬಿಸಿ ಶಾಖ ಕೊಡು. ನೊಣ ಕೂರಲು ಬಿಡಬೇಡ.

ವೀರಭದ್ರಸ್ವಾಮಿ


ಜುಲೈ ೫

ಶಿವ,

ನಾನು ಗುದ್ದಲಿ ಹಿಡಿದಿರುವುದು ನಿನ್ನ ಜಗಲಿಗೆ ಕಾಣುತ್ತಿರಬೇಕು. ಉಳಿದ ಸಾಲುಗಳನ್ನು ಕೈಯಲ್ಲೇ ಕೆರೆಯುತ್ತಿದ್ದೇನೆ. ಮೊನ್ನೆ ಚಲುವಯ್ಯ ಬದುವಿನ ಮೇಲೆ ನಿಂತು, “ಯಾಕ್ ವೀರಭದ್ರ, ಎತ್ ಮಾರ್‌ಬುಟ್ಟಾ?” ಎಂದ. “ಇಲ್ಲ, ಡಾಕ್ಟ್ರು ವ್ಯಾಯಾಮ ಯೋಳವ್ರೆ” ಎಂದೆ. “ಯಾವ್ ಡಾಕ್ಟ್ರು, ದನದ ಡಾಕ್ಟ್ರಾ?” ಎಂದು ಕೇಳಿ ನಗುತ್ತ ಹೋದ. ಸುಳ್ಳೇನಲ್ಲ ಎನ್ನಿಸಿತು.

ಅಂಗೈಯಲ್ಲಿ ಬೊಬ್ಬೆ ಎದ್ದಿದೆ. ಯಶೋದೆ ಬೆಣ್ಣೆ ಹಚ್ಚುತ್ತ, “ಕೊಟ್ಗೆಲಿ ಎತ್ತು ಗುಂಡಾಗಿ ನಿಂತದೆ, ಯಜಮಾನ್ರು ಗುದ್ಲಿ ಇಡ್ಕೊಂಡವ್ರೆ. ಯಾವ್ ತಪ್ಗೆ ಈ ದಂಡ?” ಎಂದಳು. ತಮಾಷೆಗೆ ಅಂದದ್ದು. ನಾನು ಕೈ ಎಳೆದುಕೊಂಡೆ. ಅವಳು ಉರಿಗೆ ಎಂದುಕೊಂಡಳು.

ಮೇಷ್ಟ್ರು ಹೇಗಿದ್ದಾನೆ? ಬೇಲಿಯ ಮೇಲಿಂದ ನೋಡಿದರೆ ಬಾಲ ಮಾತ್ರ ಕಾಣುತ್ತದೆ. ಬಾಲದಲ್ಲಿ ಏನೂ ತಿಳಿಯುವುದಿಲ್ಲ. ಬರೆ.

ವೀರಭದ್ರ


ಜುಲೈ ೧೩

ಅಣ್ಣ,

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ. ಗಂಟು ಹಣ್ಣಾಗಿ ಒಡೆಯಿತು. ನಿನ್ನೆ ಹುಣಸೂರಿನಿಂದ ದನದ ಡಾಕ್ಟರು ಬಂದು ತೊಳೆದು ಔಷಧಿ ಹಾಕಿದರು. ಗಾಯ ಮಾಯುತ್ತದಂತೆ. ಆದರೆ ಹೆಗಲು ಹೋಯಿತು. “ಮತ್ತೆ ನೊಗ ಹೂಡಿದ್ರೆ ಮತ್ತೆ ಅಲ್ಲೇ ಏಳುತ್ತೆ, ಇವನಿಗೆ ಪಿಂಚಣಿ ಕೊಟ್ಬಿಡಿ” ಎಂದು ನಕ್ಕರು. ಮೇಷ್ಟ್ರಲ್ಲವೇ, ಪಿಂಚಣಿ ಸಲ್ಲಬೇಕಾದ್ದೇ. ಕೊಡುವ ಸರ್ಕಾರದ ಹತ್ತಿರ ಮೇವಿಲ್ಲ.

ರಾಗಿಗೆ ಉಳಬೇಕು. ಇರುವ ಹುಲ್ಲು ಎರಡು ಹಸುವಿಗೇ ಸಾಲದು. ಮಿರ್ಲೆ ಕಡೆಯ ದಲ್ಲಾಳಿ ಕಂಠಪ್ಪ ಬಂದಿದ್ದ. ಹಲ್ಲು ನೋಡಿದ, ಹೆಗಲು ನೋಡಿದ, ನನ್ನ ಮುಖ ನೋಡಲಿಲ್ಲ. ಬುಧವಾರ ಗಾಡಿ ತರುತ್ತಾನೆ. “ಉಳೋರ್ಗೇ ಕೊಡ್ತೀನಿ ಸಾಮಿ, ಬಸವಣ್ಣನ ಮೇಲಾಣೆ” ಎಂದ. ಹೆಗಲು ಹೋದ ಎತ್ತನ್ನು ಕೊಂಡು ಉಳುವವರು ಯಾವ ಊರಿನಲ್ಲಿದ್ದಾರೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದ.

ಪ್ರಮೀಳಾ ಎರಡು ದಿನದಿಂದ ನನ್ನ ಜೊತೆ ಮಾತಿಲ್ಲ. ಈ ಮನೆತನದಲ್ಲಿ ಮಾತು ಬಿಡುವುದಕ್ಕೆ ಏನೂ ಕಾರಣ ಬೇಡವಾಗಿತ್ತು, ಈಗ ಒಂದು ಒಳ್ಳೆಯ ಕಾರಣವೇ ಸಿಕ್ಕಿದೆ.

ಅಪ್ಪನ ಜೋಡಿಯನ್ನು ನಾನು ಮುರಿದ ಹಾಗಾಯಿತು. ಎತ್ತು ನನಗೇ ಬೇಕೆಂದು ಅವತ್ತು ಅಷ್ಟು ಹಾರಾಡಿದೆನಲ್ಲ, ನಿನಗೇ ಬಿಟ್ಟಿದ್ದರೆ ಇವತ್ತು ಅವನು ಗಟ್ಟಿಯಾಗಿರುತ್ತಿದ್ದ.

ಮೇಷ್ಟ್ರು ಇನ್ನು ನಿಮ್ಮ ಕಡೆ ಬರುವುದಿಲ್ಲ, ಕಟ್ಟಿಹಾಕಿದ್ದೇನೆ. ಹುರುಳಿಯ ಹೊತ್ತಿಗೆ ಹಗ್ಗ ಜಗ್ಗುತ್ತಾನೆ. ಅಮಲ್ದಾರ ಇವತ್ತು ಇಲ್ಲಿಗೆ ಬಂದಿದ್ದ, ವಾಪಸು ಹೊಡೆದು ಕಳಿಸುತ್ತಿದ್ದೇನೆ. ಇನ್ನು ಮೇಲೆ ಅವನನ್ನೂ ಬಿಡಬೇಡ. ಬಂದರೆ ಇಬ್ಬರೂ ಒಬ್ಬರನ್ನೊಬ್ಬರು ನೆಕ್ಕುತ್ತ ನಿಲ್ಲುತ್ತಾರೆ. ನನ್ನ ಕೈಲಿ ನೋಡಲಾಗುವುದಿಲ್ಲ. ಇದೇ ಕೊನೆಯ ಟಪಾಲು.

ಶಿವಶಂಕರ


ಜುಲೈ ೧೫, ಸೋಮವಾರ

ಶಿವ,

ಇವತ್ತು ವಿಷಯ, ಉಲ್ಲೇಖ ಏನೂ ಇಲ್ಲ. ಕಚೇರಿ ಪ್ರತಿಯನ್ನೂ ಇಟ್ಟುಕೊಂಡಿಲ್ಲ.

ಟಪಾಲು ನಿಲ್ಲಿಸಿದೆಯಲ್ಲ, ನಿನ್ನೆ ನಾಯಿಯ ಕೊರಳಿಗೆ ಒಂದು ಚೀಟಿ ಕಟ್ಟಿ ನಿನ್ನ ಕಡೆ ಅಟ್ಟಿದೆ. ಅದು ನೇರವಾಗಿ ಚಲುವಯ್ಯನ ಮನೆಗೆ ಹೋಯಿತು. ಚೀಟಿಯಲ್ಲಿ ‘ಕಂಠಪ್ಪನಿಗೆ ಕೊಡಬೇಡ’ ಎಂದಿಷ್ಟೇ ಇತ್ತು. ಚಲುವಯ್ಯ ಚೀಟಿ ಹಿಡಿದುಕೊಂಡು ಬಂದು, “ಯಾರಪ್ಪ ಆ ಕಂಠಪ್ಪ? ನಾನವಂಗೆ ಏನ್ ಕೊಡಕೋಗಿದ್ದೆ?” ಎಂದು ಜಗಲಿಯ ಮೇಲೆ ಕೂತುಬಿಟ್ಟ. ಅವನಿಗೆ ಕಾಫಿ ಕೊಟ್ಟು ಕಳಿಸುವಷ್ಟರಲ್ಲಿ ನನಗೆ ಒಂದು ವಿಷಯ ಅರ್ಥವಾಯಿತು. ಇಷ್ಟು ದಿನ ನಾನು ನಿನಗೆ ಬರೆದದ್ದೆಲ್ಲ ಅಂಥದ್ದೇ. ಬೇರೆ ಮನೆಗೆ ಹೋಗಬೇಕಾದ ಚೀಟಿ.

ಮೇಷ್ಟ್ರ ಹೆಗಲು ಕೆಡಿಸಿದ್ದು ನಾನು.

ನಿನ್ನ ಹೊಸ ನೊಗವನ್ನು ಬೈಯಬೇಡ, ಅದಕ್ಕೆ ಏನೂ ಗೊತ್ತಿಲ್ಲ. ಅಪ್ಪನ ನೊಗದಲ್ಲಿ, ನನ್ನ ಹೊಲದಲ್ಲಿ, ಸರದಿ ಬಂದಾಗಲೆಲ್ಲ ಹಗ್ಗವನ್ನು ಎರಡು ಬೆರಳು ಅವನ ಕಡೆಗೆ ಸರಿಸಿ ಕಟ್ಟುತ್ತಿದ್ದೆ, ನನ್ನ ಎತ್ತಿಗೆ ಹಗುರಾಗಲಿ ಎಂದು. ನೀನು ಹಿಂಡಿಯ ಕಾಗದ ಬರೆದೆಯಲ್ಲ, ಅವತ್ತಿಗಾಗಲೇ ಶುರು ಮಾಡಿದ್ದೆ. ಆಮೇಲೂ ನಿಲ್ಲಿಸಲಿಲ್ಲ. ನಿನಗೆ ಬಕೆಟಿನ ಉಪದೇಶ ಬರೆದ ಕೈಯಲ್ಲೇ ಮರುದಿನವೂ ಹಾಗೇ ಕಟ್ಟಿದೆ. ಅವನು ನಿಂತು ನೋಡಿದಾಗ ಹೊಡೆದೆ ಕೂಡ. ಹೊಡೆದರೆ ನಡೆದ. ನಡೆಯದೆ ನಿಂತಿದ್ದರೆ ನನಗೂ ಬುದ್ಧಿ ಬರುತ್ತಿತ್ತೋ ಏನೋ. ಅವನ ಮೇಲೆ ಯಾಕೆ ಹಾಕಲಿ.

ನೀನು ನನ್ನದೇ ತಪ್ಪು ಎಂದು ಬರೆದೆ. ಬೈದು ಬರೆ ಎಂದು ಕೇಳಿದೆ. ಆ ಕಾಗದ ಓದಿದ ದಿನ ನಾನು ಕೊಟ್ಟಿಗೆಯಲ್ಲೇ ಬಹಳ ಹೊತ್ತು ಕೂತಿದ್ದೆ. ಬೆಲ್ಲ ಕೊಟ್ಟು, ಎಣ್ಣೆ ಸವರಿ, ಗುದ್ದಲಿ ಹಿಡಿದು, ಏನೇನೋ ಮಾಡಿದೆ. ಇದೊಂದನ್ನು ಬರೆಯುವುದನ್ನು ಬಿಟ್ಟು.

ಅಮಲ್ದಾರನನ್ನು ಈ ಕಾಗದದ ಜೊತೆ ಬಿಟ್ಟಿದ್ದೇನೆ. ವಾಪಸು ಕಳಿಸಬೇಡ. ಇಬ್ಬರೂ ಹಳೇ ಕೊಟ್ಟಿಗೆಯಲ್ಲೇ ಇರಲಿ, ನೆಕ್ಕಿಕೊಂಡು ನಿಲ್ಲಲಿ. ಅಪ್ಪನ ನೊಗವನ್ನು ಬೇಲಿಯ ಸಂದಿಗೆ ಒರಗಿಸಿದ್ದೇನೆ, ಅದೂ ನಿನ್ನದೇ. ರಾಗಿಗೆ ಇಬ್ಬರ ಹೊಲಕ್ಕೂ ಟ್ರ್ಯಾಕ್ಟರ್ ಹೇಳಿದ್ದೇನೆ. ಮೇಷ್ಟ್ರ ಹುಲ್ಲು, ಹುರುಳಿ ಅವನು ಇರುವ ತನಕ ನನ್ನ ಮನೆಯದು.

ಕಂಠಪ್ಪನಿಗೆ ಮಾತ್ರ ಕೊಡಬೇಡ. ಮೇಷ್ಟ್ರನ್ನು ಕೊಡುವುದಾದರೆ ನನ್ನನ್ನೂ ಅದೇ ಗಾಡಿಗೆ ಹತ್ತಿಸು, ಹಲ್ಲು ನೋಡುವ ಕಷ್ಟವಿಲ್ಲ, ಇರುವುದೇ ನಾಲ್ಕು.

ನಿನ್ನ ಅಣ್ಣ,
ವೀರಭದ್ರ


ಜುಲೈ ೧೬

ಅಣ್ಣ,

ಈ ಕಾಗದವನ್ನು ಪ್ರಮೀಳಾ ತರುತ್ತಾಳೆ. ದಾರಿಯಲ್ಲಿ ಓದಿರುತ್ತಾಳೆ, ಓದಲಿ.

ನಿನ್ನೆ ಅಮಲ್ದಾರ ಬಂದ. ಕೊರಳಲ್ಲಿ ದಾರ ಇತ್ತು, ಕಾಗದ ಇರಲಿಲ್ಲ. ನಾನು ಹಾಲು ಕರೆಯುತ್ತಿದ್ದೆ. ಚೊಂಬು ಇಟ್ಟು ಏಳುವಷ್ಟರಲ್ಲಿ ಇಬ್ಬರೂ ಮುಖಕ್ಕೆ ಮುಖ ಒರಗಿಸಿ ನಿಂತಿದ್ದರು. ಮೇಷ್ಟ್ರ ಬಾಯಿಂದ ಹಾಲಿನ ಕವರಿನ ಮೂಲೆ ಇಣುಕುತ್ತಿತ್ತು. ಕೈ ಹಾಕಿ ಎಳೆದೆ. ಕವರು ಬಂತು, ಕಾಗದ ಆಗಲೇ ಒಳಗೆ ಹೋಗಿತ್ತು. ಕತ್ತಲಾಗುವವರೆಗೂ ಮೆಲುಕು ಹಾಕುತ್ತಿದ್ದ. ಹಿಂಡಿಯನ್ನೂ ಅವನು ಅಷ್ಟು ಹೊತ್ತು ಮೆಲುಕು ಹಾಕಿದ್ದು ನಾನು ನೋಡಿಲ್ಲ. ನೀನು ಬರೆದದ್ದು ಬಹಳ ಗಟ್ಟಿ ವಿಷಯ ಇರಬೇಕು.

ನೊಗವನ್ನು ಅವನು ತಿನ್ನಲಿಲ್ಲ. ಎತ್ತಿ ತಂದು ಜಗಲಿಯ ಮೇಲೆ ಇಟ್ಟುಕೊಂಡೆ. ಅಪ್ಪ ಉಳಿಯಲ್ಲಿ ಕೆತ್ತಿದ ಗುರುತು ನಟ್ಟನಡುವೆ ಇದೆ. ಹಗ್ಗ ಹೊಸದಾಗಿ ಉಜ್ಜಿದ ಜಾಗ ಅಲ್ಲಿಲ್ಲ, ಮೇಷ್ಟ್ರ ಕಡೆಗೆ ಸರಿದಿದೆ. ಬೆರಳಿಟ್ಟು ಅಳೆದೆ. ಮತ್ತೊಂದು ಸಲ ಅಳೆದೆ, ನನ್ನ ಬೆರಳು ದಪ್ಪ ಎಂದು. ಬೆಲ್ಲ, ಅರಿಶಿನ, ಗುದ್ದಲಿ ಎಲ್ಲ ಒಂದೊಂದಾಗಿ ಜ್ಞಾಪಕಕ್ಕೆ ಬಂತು.

ಸಿಟ್ಟು ಬಂತು. ಸುಳ್ಳು ಹೇಳುವುದಿಲ್ಲ. ನಿನ್ನನ್ನು ಬೈಯುವುದಕ್ಕೆ ಬೇಲಿಯ ತನಕ ಬಂದೆ. ನೀನು ಅಂಗಳದಲ್ಲಿ ಖಾಲಿ ಗೂಟದ ಮುಂದೆ ಹುರುಳಿಯ ಪಾತ್ರೆ ಹಿಡಿದು ನಿಂತಿದ್ದೆ, ಯಾರಿಗೆ ಹಾಕುವುದು ಎಂದು ತಿಳಿಯದವನ ಹಾಗೆ. ಬೈದರೆ ಅದೂ ಮಾತಾಗುತ್ತದೆ. ವಾಪಸು ಬಂದೆ.

ಕಂಠಪ್ಪನಿಗೆ ಫೋನು ಮಾಡಿ ಬರಬೇಡ ಎಂದೆ.

“ಯಾಕ್ ಸಾಮಿ, ಬ್ಯಾರೆಯವ್ರಿಗೆ ಮಾತು ಕೊಟ್ರಾ?”

“ಇಲ್ಲ ಕಣಪ್ಪ. ಅದ್ರ ತಾವ ಒಬ್ರು ಮಾತಾಡೋದೈತೆ.”

ಕಂಠಪ್ಪ ನನಗೆ ಹುಷಾರಿಲ್ಲವೇನೋ ಎಂಬಂತೆ ಮೆಲ್ಲಗೆ ಫೋನು ಇಟ್ಟ.

ನಾಳೆ ಬೆಳಿಗ್ಗೆ ಬಾ. ಹುರುಳಿ ತಾ, ಇಬ್ಬರಿಗೂ ಆಗುವಷ್ಟು. ಅಪ್ಪನ ಮೇಲಿನ ಆಣೆ ಮುರಿಯುವುದು ಬೇಡ, ನನ್ನ ಜೊತೆ ಮಾತಾಡಬೇಡ. ಮೇಷ್ಟ್ರ ಮುಂದೆ ನಿಂತು, ಕಾಗದದಲ್ಲಿ ಬರೆದದ್ದನ್ನು ಬಾಯಲ್ಲಿ ಹೇಳು. ಅವನಿಗೆ ಮೊದಲೇ ಗೊತ್ತು, ಆದರೂ ಹೇಳು. ಮೊಟಕು ಮಾಡಬೇಡ. ನಾನು ಅಲ್ಲೇ ಪಕ್ಕದಲ್ಲಿ ಸಗಣಿ ಬಾಚುತ್ತಿರುತ್ತೇನೆ. ಎರಡು ಕೈಗೂ ಸಗಣಿ ಆಗಿರುವಾಗ ಕಿವಿ ಮುಚ್ಚಿಕೊಳ್ಳಲು ಆಗುವುದಿಲ್ಲ.

ಶಿವ